ಮೂಗಿನೊಳಗೆ ಕೂತವರು ಯಾರು?

ಯಾತ್ರಾಸ್ಥಳ ಉಕ್ಕಡಗಾತ್ರಿಗೆ ಬಂದವರು ತುಂಗಭದ್ರೆಯಲ್ಲಿ ಮುಳುಗೆದ್ದು ಅಜ್ಜಯ್ಯನ ಗದ್ದುಗೆಗೆ ಹೋಗುತ್ತಾರೆ. ಮುಳುಗುವಾಗ ಮೂಗು ಹಿಡಿಯದಿದ್ದರೆ ನೀರು ನೆತ್ತಿಗೇರುತ್ತದೆ, ನಾಲ್ಕು ಸೀನು ಬರುತ್ತವೆ, ಅಲ್ಲಿಗೆ ಮುಗಿಯಿತು. ವೈರಸ್ ತರುವ ನೆಗಡಿಯೂ ವಾರ, ಹತ್ತು ದಿನಕ್ಕೆ ಹೊರಟುಹೋಗುತ್ತದೆ.

ಹೋಗದೇ ಕೂರುವ ಕಾಯಿಲೆಗಳೂ ಇವೆ ಮಕ್ಕಳೇ, ತೀರ ಅಪರೂಪಕ್ಕೆ. ರೈನೊಸ್ಕ್ಲೆರೋಮಾ ಅಂಥದ್ದು. ಮೊದಲು ಬಿಡದ ನೆಗಡಿ, ಹಕ್ಕಳೆ, ಕೆಟ್ಟ ವಾಸನೆ. ತಿಂಗಳುಗಳು ಕಳೆದ ಮೇಲೆ ಗಂಟು. ಇದನ್ನು ತರುವುದು ಕ್ಲೆಬ್ಸಿಯೆಲ್ಲಾ ಜಾತಿಯ ಒಂದು ಬ್ಯಾಕ್ಟೀರಿಯಾ. ಆದರೆ ಕ್ಷಯ, ಕುಷ್ಠವೂ ಮೂಗಿನಲ್ಲಿ ಗಂಟು ಮಾಡಬಲ್ಲವು. ನೋಡಿದ ಮಾತ್ರಕ್ಕೆ ಹೆಸರು ಹೇಳಿಬಿಡುವ ಡಾಕ್ಟರನ್ನು ನಾನಂತೂ ನಂಬಲಾರೆ!

ದಾವಣಗೆರೆಯಂಥ ಊರಿನ ದೊಡ್ಡ ಆಸ್ಪತ್ರೆಗೆ ಹೋದರೆ ಕಿವಿ-ಮೂಗು-ಗಂಟಲಿನ ಡಾಕ್ಟರು ದೀಪವಿರುವ ಸಣ್ಣ ಕೊಳವೆಯನ್ನು ಮೂಗಿಗೆ ಇಳಿಸಿ ನೋಡುತ್ತಾರೆ. ಮರಗಟ್ಟಿಸುವ ಔಷಧಿ ಕೊಟ್ಟು ಗಂಟಿನ ಒಂದು ಚೂರು ತೆಗೆಯುತ್ತಾರೆ. ಇದೇ ಬಯಾಪ್ಸಿ. ಆ ಚೂರನ್ನು ಕೂದಲಿಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ, ರೈನೊಸ್ಕ್ಲೆರೋಮಾ ಆಗಿದ್ದರೆ ದೊಡ್ಡ ದೊಡ್ಡ ಕೋಶಗಳು ಕಾಣುತ್ತವೆ, ಒಳಗೆಲ್ಲ ಸೋಪಿನ ನೊರೆ ತುಂಬಿದ ಹಾಗೆ. ಇವು ನಮ್ಮ ದೇಹದ ಕಾವಲು ಕೋಶಗಳೇ. ಬ್ಯಾಕ್ಟೀರಿಯಾವನ್ನು ನುಂಗಿವೆ, ಅರಗಿಸಿಕೊಳ್ಳಲು ಆಗಿಲ್ಲ. 1877ರಲ್ಲಿ ಇವನ್ನು ವಿವರಿಸಿದ ಮಿಕುಲಿಚ್ ಎಂಬ ವೈದ್ಯರ ಹೆಸರೇ ಇವಕ್ಕಿದೆ. 1882ರಲ್ಲಿ ಫ್ರಿಶ್ ಎಂಬವರು ಒಳಗಿದ್ದ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಚೂರಿನ ಇನ್ನೊಂದು ಭಾಗವನ್ನು ಲ್ಯಾಬಿನ ತಟ್ಟೆಗೆ ಹಾಕಿ ಬ್ಯಾಕ್ಟೀರಿಯಾ ಬೆಳೆಸಲು ನೋಡುತ್ತಾರೆ. ಲೋಳೆಲೋಳೆ ಚುಕ್ಕೆಗಳು ಎದ್ದರೆ ಅನುಮಾನ ಗಟ್ಟಿಯಾಗುತ್ತದೆ. ಎಷ್ಟೋ ಸಲ ಏನೂ ಬೆಳೆಯುವುದಿಲ್ಲ. ಆಗ ನೊರೆಕೋಶವೇ ಸಾಕ್ಷಿ.

ಇಷ್ಟೆಲ್ಲ ಪತ್ತೇದಾರಿ ಏಕೆ? ಕೆರೆ, ಹೊಂಡಗಳ ನಿಂತ ನೀರಿನ ನಂಟಿರುವ ಇನ್ನೊಂದು ಗಂಟಿದೆ, ರೈನೊಸ್ಪೊರಿಡಿಯೋಸಿಸ್ ಅಂತ. ದಕ್ಷಿಣ ಭಾರತ, ಶ್ರೀಲಂಕಾಗಳಲ್ಲಿ ಹೆಚ್ಚು. ಕೆಂಪು ಗಂಟಿನ ಮೇಲೆ ಬಿಳಿ ಚುಕ್ಕೆ, ಮುಟ್ಟಿದರೆ ರಕ್ತ. ಇದನ್ನು ಬುಡಸಮೇತ ಕತ್ತರಿಸಿ, ಬುಡವನ್ನು ಸುಡಬೇಕು. ರೈನೊಸ್ಕ್ಲೆರೋಮಾಕ್ಕಾದರೆ ತಿಂಗಳುಗಟ್ಟಲೆ ಆಂಟಿಬಯೋಟಿಕ್ ನುಂಗಬೇಕು. ಹೆಸರು ತಪ್ಪಿದರೆ ಔಷಧಿಯೂ ತಪ್ಪುತ್ತದೆ.

ರೈನೊಸ್ಪೊರಿಡಿಯೋಸಿಸ್ ತರುವ ಜೀವಿಯನ್ನು ಬಹುಕಾಲ ಶಿಲೀಂಧ್ರ ಎಂದೇ ಪುಸ್ತಕಗಳಲ್ಲಿ ಬರೆದರು. ಡಿಎನ್‌ಎ ಓದಿದಾಗ ಅದು ಶಿಲೀಂಧ್ರವೂ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ ಎಂದಾಯಿತು. ಅದರ ಹತ್ತಿರದ ನೆಂಟರು ಮೀನುಗಳಿಗೆ ಕಾಯಿಲೆ ತರುವ ಪರಾವಲಂಬಿಗಳು.