ಫ್ಯಾನ್ ತಿರುಗುತ್ತೆ, ಕಂಪ್ಯೂಟರ್ ಏಳೋದಿಲ್ಲ
(ಕೊಳತ್ತೂರಿನಲ್ಲಿ ಯುವಕರ ಮುಂದೆ ಆಡಿದ ಮಾತು)



ಭಾಷಣ ಬೇಡ, ಒಂದು ಕತೆ ಹೇಳ್ತೀವಿ. ನಮ್ಮ ಹತ್ರ ಒಂದು ಹಳೇ ಡೆಸ್ಕ್‌ಟಾಪ್ ಇದೆ. ಮನವಿ ಪತ್ರಗಳು, ಮಕ್ಕಳಿಗೆ ಟೈಪ್ ಮಾಡಿದ ಕನ್ನಡ ಪಾಠಗಳು, ಒಬ್ಬ ಅಜ್ಜಿ ಹಾಡಿದ ಮಾದಪ್ಪನ ಹಾಡುಗಳು ಎಲ್ಲ ಅದರಲ್ಲೇ. ಅಜ್ಜಿ ಈಗಿಲ್ಲ. ಹಾಡಿನ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ, ಅದು ನಮ್ಮದೇ ತಪ್ಪು.

ಒಂದು ದಿನ ಗಾಳಿಮಳೆಗೆ ಕರೆಂಟು ನಾಲ್ಕೈದು ಸಲ ಹೋಗಿ ಬಂತು. ಆಮೇಲೆ ಬಟನ್ ಒತ್ತಿದರೆ ಲೈಟು ಉರಿಯುತ್ತೆ, ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು. ಅಂಗಡಿಯಲ್ಲಿ ಕೇಳಿದ ತಕ್ಷಣ ‘ಫಾರ್ಮ್ಯಾಟ್ ಮಾಡಿಬಿಡೋಣ’ ಅಂದರು. ಪರದೆಯೇ ಬಾರದ ಯಂತ್ರಕ್ಕೆ ಫಾರ್ಮ್ಯಾಟ್ ಯಾಕೆ? ವಿಂಡೋಸ್‌ನ ಸರದಿ ಇನ್ನೂ ಬಂದೇ ಇರೋಲ್ಲ. ಹೊತ್ತುಕೊಂಡು ವಾಪಸ್ ಬಂದೆವು.

ಮೊದಲು ಪೆನ್‌ಡ್ರೈವ್, ಪ್ರಿಂಟರ್ ಎಲ್ಲ ಕಿತ್ತೆವು. ಮಾನಿಟರ್ ವೈರು ಎರಡೂ ಕಡೆ ಬಿಗಿ ಮಾಡಿದೆವು. ಆಗಲೂ ಬರಲಿಲ್ಲ. ಪವರ್ ವೈರನ್ನ ಗೋಡೆಯಿಂದಲೇ ತೆಗೆದು, ಬಟನ್ನನ್ನ ಹತ್ತು ಸೆಕೆಂಡು ಒತ್ತಿ ಹಿಡಿದು, ಡಬ್ಬದ ಬರೀ ಲೋಹ ಮುಟ್ಟಿ, ಆಮೇಲೆ ಒಳಗೆ ಕೈ ಹಾಕಿದೆವು. ಒಂದು ಮಾತು: ಪವರ್ ಸಪ್ಲೈ ಪೆಟ್ಟಿಗೆಯನ್ನ ಮಾತ್ರ ಯಾವತ್ತೂ ಬಿಚ್ಚಬೇಡಿ. ವೈರು ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರುತ್ತೆ. ರ್‍ಯಾಮ್ ಕಡ್ಡಿ ಎರಡಿದ್ದವು. ಹಿತ್ತಾಳೆ ಬಣ್ಣದ ಅಂಚನ್ನ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಒಂದೊಂದೇ ಹಾಕಿ ನೋಡಿದೆವು. ಎರಡನೆಯದಕ್ಕೆ ಪರದೆ ಬಂತು!

ಬಂದಿದ್ದು ಅರ್ಧ ಮಾತ್ರ. ‘ಬೂಟ್ ಡಿವೈಸ್ ಸಿಗಲಿಲ್ಲ’ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು. ಡಿಸ್ಕೇ ಹೋಯ್ತು ಅಂತ ನಮ್ಮ ಎದೆ ಧಸಕ್ ಅಂತು. ಬಯೋಸ್ ಒಳಗೆ ಹೋಗಿ ನೋಡಿದರೆ ಡಿಸ್ಕಿನ ಹೆಸರು ಇತ್ತು. ತಾರೀಕು ಮಾತ್ರ ಎಷ್ಟೋ ವರ್ಷ ಹಿಂದಿನದು. ಅಲ್ಲಿ ಗೊತ್ತಾಯ್ತು. ಮದರ್‌ಬೋರ್ಡಿನ ಮೇಲೆ ದುಂಡು ನಾಣ್ಯದ ಥರ ಸಿಆರ್ 2032 ಅನ್ನೋ 3 ವೋಲ್ಟ್ ಸೆಲ್ ಇರುತ್ತೆ. ಅದು ಸತ್ತರೆ, ಹಳೇ ಯಂತ್ರಗಳಲ್ಲಿ ಕರೆಂಟು ಹೋದಾಗೆಲ್ಲ ಸೆಟ್ಟಿಂಗ್ ಅಳಿಸಿಹೋಗುತ್ತೆ. ಯಾವುದರಿಂದ ಶುರು ಮಾಡಬೇಕು ಅನ್ನೋದನ್ನೇ ಯಂತ್ರ ಮರೆತಿತ್ತು. ಹೊಸ ಸೆಲ್ ಹಾಕಿ, ಬೂಟ್ ಸಾಲಿನಲ್ಲಿ ಡಿಸ್ಕನ್ನ ಮೇಲಕ್ಕೆ ತಂದೆವು. ಎದ್ದಿತು.

ಬಯೋಸ್‌ನಲ್ಲಿ ಡಿಸ್ಕಿನ ಹೆಸರೇ ಇಲ್ಲದಿದ್ದರೆ ಅದರ ಎರಡು ವೈರು ತೆಗೆದು ಮತ್ತೆ ಹಾಕಿ. ಟಿಕ್ ಟಿಕ್ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ, ಪದೇ ಪದೇ ಆನ್ ಮಾಡಿದಷ್ಟೂ ಕೆಡುತ್ತೆ. ಡಿಸ್ಕ್ ಚೆನ್ನಾಗಿದ್ದು ವಿಂಡೋಸ್ ಮಾತ್ರ ಏಳದಿದ್ದರೆ, ಲಿನಕ್ಸ್ ಹಾಕಿದ ಪೆನ್‌ಡ್ರೈವಿನಿಂದ ಶುರು ಮಾಡಿ. ‘ಇನ್‌ಸ್ಟಾಲ್’ ಒತ್ತಬೇಡಿ, ‘ಟ್ರೈ’ ಒತ್ತಿ. ನಿಮ್ಮ ಫೈಲುಗಳನ್ನ ಇನ್ನೊಂದು ಡಿಸ್ಕಿಗೆ ತೆಗೆದುಕೊಳ್ಳಬಹುದು.

ಇಲ್ಲೊಂದು ನಮ್ಮವರಿಗೇ ಬರುವ ತೊಂದರೆ ಇದೆ. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲನ್ನ ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಹಾಳಾಗಿದೆ ಅಂತ ಅಳಿಸಬೇಡಿ! ಫಾಂಟ್ ಹಾಕಿದರೆ ಕನ್ನಡ ಬರುತ್ತೆ. ಆಮೇಲೆ ಯೂನಿಕೋಡ್‌ಗೆ ಬದಲಾಯಿಸಿಟ್ಟರೆ ಮೊಬೈಲ್‌ನಲ್ಲೂ ಓದಬಹುದು.

ಅಜ್ಜಿಯ ಹಾಡು ಈಗ ಮೂರು ಕಡೆ ಇದೆ, ಒಂದು ಪ್ರತಿ ಬೇರೆ ಊರಲ್ಲಿ.

ಬರೋ ಭಾನುವಾರ ಇಲ್ಲೇ ಕೂರ್ತೀವಿ. ಮನೆಯಲ್ಲಿ ಮೂಲೆ ಸೇರಿದ ಕಂಪ್ಯೂಟರ್ ಇದ್ದರೆ ತನ್ನಿ. ಮಾನಿಟರ್ ಬೇಡ, ನಮ್ಮ ಹತ್ರ ಇದೆ. ಪವರ್ ವೈರು ಮರೀಬೇಡಿ.