ಹಲಗೆ ಸದ್ದು ಸತ್ತರೆ ಯಾರನ್ನು ಕೇಳಬೇಕು?

(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಹಲಗೆ ತಂಡದ ಪರವಾಗಿ ಆಡಿದ ಮಾತುಗಳು)

ಸಂಗಾತಿಗಳೇ,

ಕಳೆದ ಏಪ್ರಿಲ್ 14ರ ಮೆರವಣಿಗೆಯಲ್ಲಿ ನಮ್ಮ ತಂಡದ ಹಲಗೆಗಳು ಅರ್ಧ ದಾರಿಯಲ್ಲೇ ಸದ್ದು ನಿಲ್ಲಿಸಿದ್ದನ್ನು ನೀವೆಲ್ಲ ನೋಡಿದ್ದೀರಿ. ಕೆಲವರು ನಕ್ಕಿರಿ. 'ಹಾಸ್ಟೆಲ್ ಅನ್ನ ತಿಂದು ಕೈ ಸತ್ತೋಗಿದೆ' ಅಂದಿರಿ. ನಗಲಿ ಬಿಡಿ. ಆದರೆ ಅವತ್ತು ಏನಾಯಿತು ಅನ್ನೋದನ್ನ ನಿಮ್ಮ ಮುಂದೆ ಹೇಳಲೇಬೇಕು. ಯಾಕಂದರೆ ಅದು ಬರೀ ಐದು ಹಲಗೆಯ ವಿಷಯ ಅಲ್ಲ.

ನಮ್ಮ ಹಲಗೆಗಳ ಹಳೇ ತೊಗಲು ಹರಿದಿತ್ತು. ಚಂದಾ ಎತ್ತಿ ಪಟ್ಟಣದ ಒಂದು ಅಂಗಡಿಯಿಂದ ಐದು ಹೊಸ ಮುಚ್ಚಿಗೆ ತಂದೆವು. ಮೂರು ಫೈಬರ್, ಎರಡು ತೊಗಲು. ಬಿಲ್ ಕೇಳಲಿಲ್ಲ. ಅಂಗಡಿಯವನು ಕೊಡಲೂ ಇಲ್ಲ. ಮೆರವಣಿಗೆ ಬಸ್ ಸ್ಟ್ಯಾಂಡ್ ದಾಟುವಷ್ಟರಲ್ಲಿ ಒಂದು ಫೈಬರ್ ಹಾಳೆ ಬಳೆಯಿಂದ ಕಿತ್ತು ಬಂತು. ಇನ್ನೊಂದು ಒಂದು ಮಗ್ಗುಲಿಗೆ ಸುಕ್ಕುಗಟ್ಟಿತು. ಮೂರನೆಯದು ಡಬ್ಬ ಬಡಿದಂಗೆ ಸದ್ದು ಮಾಡಿತು. ತೊಗಲಿನದರಲ್ಲಿ ಒಂದು ಸೀಳಿತು. ಇನ್ನೊಂದನ್ನು ಎಷ್ಟು ಬೆಂಕಿಗೆ ಹಿಡಿದರೂ ಬಿಗಿ ಆಗಲೇ ಇಲ್ಲ.

ಮಾರನೇ ದಿನ ವಾಪಸ್ ಕೊಡೋಕೆ ಹೋದೆವು. ಅಂಗಡಿಯವನು ಮುಚ್ಚಿಗೆಗಳ ಕಡೆ ತಿರುಗಿಯೂ ನೋಡಲಿಲ್ಲ. 'ನಿಮಗೆ ಬಡಿಯೋಕೆ ಬರಲ್ಲ. ನಿಮ್ಮೋರು ತಲೆತಲಾಂತರದಿಂದ ಬಡಿಯೋ ಸಾಮಾನು, ನಿಮಗೇ ಗೊತ್ತಿಲ್ವಾ?' ಅಂದ.

ಆ ಮಾತು ಚುಚ್ಚಿತು. ಜಾತಿ ಎತ್ತಿ ಆಡಿದ ಅಂತ ಸಿಟ್ಟು ಬಂತು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಬೇರೆ. ನಮಗೆ ನಿಜವಾಗಿಯೂ ಗೊತ್ತಿರಲಿಲ್ಲ! ತಪ್ಪು ಮಾಲಿನದೋ ನಮ್ಮದೋ ಅಂತ ಹೇಳೋಕೆ ನಮ್ಮ ಬಾಯಲ್ಲಿ ಮಾತಿರಲಿಲ್ಲ. ತಲೆ ತಗ್ಗಿಸಿ ಬಂದೆವು.

ಐದನ್ನೂ ಹೊತ್ತುಕೊಂಡು ನಮ್ಮ ಕೇರಿಯ ಒಬ್ಬ ಅಜ್ಜನ ಹತ್ತಿರ ಹೋದೆವು. ಹಲಗೆ ಬಿಟ್ಟು ಎಷ್ಟೋ ಕಾಲವಾದ ಮನುಷ್ಯ. ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿ ಆತ ಕೊಟ್ಟ ತೀರ್ಪು ಇದು: ಮೂರು ತಪ್ಪು ಮಾರಿದವನದು, ಎರಡು ನಿಮ್ಮದು.

ಸೀಳಿದ ತೊಗಲಿನಲ್ಲಿ ಸುಲಿಯುವಾಗ ಚೂರಿ ತಾಗಿದ ಗೀರು ಇತ್ತು. ಬೆಳಕಿಗೆ ಹಿಡಿದರೆ ಗೀರು ಇದ್ದಲ್ಲಿ ತೆಳ್ಳಗೆ ಬೆಳ್ಳಗೆ ಕಾಣುತ್ತೆ. ಏಟು ಬಿದ್ದರೆ ಅಲ್ಲೇ ಬಾಯಿ ಬಿಡುತ್ತೆ. ಬಿಗಿಯಾಗದ ಇನ್ನೊಂದು, ಚಪ್ಪಲಿ ಚೀಲಕ್ಕೆ ಹದ ಮಾಡಿದ ಚರ್ಮ. ಹಲಗೆಗೆ ಬೇಕಾದ್ದು ಹದ ಮಾಡದ ಹಸಿ ತೊಗಲು. ಸುಣ್ಣದ ನೀರಲ್ಲಿ ನೆನೆಸಿ, ಕೂದಲು ಮಾಂಸ ಕೆರೆದು ತೆಗೆದು, ಒದ್ದೆ ಇರುವಾಗಲೇ ಬಳೆಗೆ ಎಳೆದು ನೆರಳಲ್ಲಿ ಒಣಗಿಸಿದ್ದು. ಅದು ಗಾಳಿಯ ತೇವ ಕುಡಿದು ಸಡಿಲ ಆಗುತ್ತೆ. ಬೆಂಕಿಯ ಕಾವಿಗೆ ತೇವ ಬಿಟ್ಟು ಬಿಗಿ ಆಗುತ್ತೆ. ನಮ್ಮ ಹಿರೀಕರು ಹುಲ್ಲಿನ ಉರಿಗೆ ಹಲಗೆ ಕಾಯಿಸ್ತಿದ್ದದ್ದು ಇದಕ್ಕೆ. ಹದ ಮಾಡಿದ ಚರ್ಮ ಆ ಕೆಲಸ ಮಾಡಲ್ಲ. ಕಿತ್ತು ಬಂದ ಫೈಬರ್ ಹಾಳೆಗೆ ಬಳೆಯೊಳಗೆ ಅಂಟೇ ಹಿಡಿದಿರಲಿಲ್ಲ.

ಇನ್ನು ನಮ್ಮ ತಪ್ಪು. ಸುಕ್ಕುಗಟ್ಟಿದ ಫೈಬರಿನದು ಕಾರ್ಖಾನೆಯ ದುಂಡು ಬಳೆ. ನಮ್ಮ ಹಳೇ ಕಟ್ಟು ಕೈಯಲ್ಲಿ ಬಗ್ಗಿಸಿದ್ದು, ಪೂರಾ ದುಂಡಗಿಲ್ಲ. ಎರಡೂ ಹೇಗೆ ಕೂರಬೇಕು? ಡಬ್ಬದಂಗೆ ಸದ್ದು ಮಾಡಿದ್ದನ್ನು ನಾವು ಒಂದು ಕಡೆಯಿಂದ ಸಾಲಾಗಿ ಬಿಗಿ ಮಾಡಿಕೊಂಡು ಬಂದಿದ್ದೆವು. ಹಂಗಲ್ಲ. ಒಂದು ನಟ್ಟು, ಆಮೇಲೆ ಅದರ ಎದುರಿನ ನಟ್ಟು, ಅರ್ಧರ್ಧ ಸುತ್ತು. ಪ್ರತಿ ನಟ್ಟಿನ ಪಕ್ಕ ಬೆರಳಲ್ಲಿ ತಟ್ಟಿ ಒಂದೇ ಸದ್ದು ಬರೋವರೆಗೆ. ಹಾಗೆ ಮಾಡಿದ ಮೇಲೆ ಅದೇ ಮುಚ್ಚಿಗೆ ಖಣಿಲ್ ಅಂತು.

ಕೊಳ್ಳುವಾಗ ನೋಡಬೇಕಾದ್ದನ್ನೂ ಅಜ್ಜ ಹೇಳಿದ. ತೊಗಲನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ ನೋಡಿ. ಕೊಳೆತ ವಾಸನೆ ಇದ್ದರೆ ಬೇಡ. ಬೆನ್ನುಹುರಿಯ ಗೆರೆ ನಡುಮಧ್ಯೆ ಹಾಯ್ದಿರಬೇಕು, ಆಗ ಎರಡು ಮಗ್ಗುಲೂ ಒಂದೇ ಸಮ ಎಳೆಯುತ್ತೆ. ಫೈಬರ್ ಬಳೆಯನ್ನು ಚಪ್ಪಟೆ ಕಲ್ಲಿನ ಮೇಲಿಟ್ಟು ಒತ್ತಿ ನೋಡಿ, ಅಲ್ಲಾಡಿದರೆ ಸೊಟ್ಟ ಅಂತ ತಿಳೀರಿ. ಫೈಬರನ್ನು ಬೆಂಕಿ ಹತ್ತಿರ ತರಲೇಬೇಡಿ. ಅದು ಪಾಲಿಯೆಸ್ಟರ್ ಹಾಳೆ, 1950ರ ದಶಕದಲ್ಲಿ ಅಮೆರಿಕದಲ್ಲಿ ಡ್ರಮ್ಮಿಗೆ ಹಾಕೋಕೆ ಶುರು ಮಾಡಿದ್ದು. ಮಳೆಗೆ ಸಡಿಲ ಆಗಲ್ಲ, ಆದರೆ ಕಾವಿಗೆ ಮೆತ್ತಗಾಗುತ್ತೆ.

ಗೆಳೆಯರೇ, ಇಷ್ಟೆಲ್ಲ ತಿಳಿದಿದ್ದ ಆ ಅಜ್ಜ ಒಂದು ಅಕ್ಷರ ಓದಿಲ್ಲ. ಇದನ್ನು ಮಗನಿಗೂ ಕಲಿಸಲಿಲ್ಲ. ಯಾಕೆ ಅಂತ ಕೇಳಿದೆವು. 'ನನ್ನ ಮಗ ಊರ ಹೆಣದ ಮುಂದೆ ನಿಂತು ಬಡೀಬಾರ್ದು ಅಂತ' ಅಂದ.

ಆತ ಹೇಳಿದ್ದು ಸರಿ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ತಲೆ ಎತ್ತಿ ಬದುಕಿ ಅಂದರು. ನಮ್ಮ ಕೇರಿಗಳಲ್ಲೂ ಎಷ್ಟೋ ಜನ ಬಿಟ್ಟಿ ಹಲಗೆ ಬಡಿಯಲ್ಲ ಅಂದು ಏಟು ತಿಂದರು, ಬಹಿಷ್ಕಾರ ಉಂಡರು. ಆ ಬಿಟ್ಟಿಗೆ ನಾವು ಯಾವತ್ತೂ ವಾಪಸ್ ಹೋಗಲ್ಲ. ತೊಗಲು ಮುಟ್ಟಿದರೆ ಇವತ್ತಿಗೂ ಏನಾಗಬಹುದು ಅನ್ನೋದನ್ನ 2016ರಲ್ಲಿ ಗುಜರಾತಿನ ಊನಾ ತೋರಿಸಿತು. ಸತ್ತ ದನದ ಚರ್ಮ ಸುಲಿಯುತ್ತಿದ್ದ ನಮ್ಮ ಹುಡುಗರನ್ನು ಬೀದಿಯಲ್ಲಿ ಕಟ್ಟಿ ಹೊಡೆದರು.

ಆದರೆ ಬಿಟ್ಟಿಯನ್ನು ಎಸೆಯುವಾಗ ಅದರ ಜೊತೆ ವಿದ್ಯೆಯನ್ನೂ ಎಸೆದುಬಿಟ್ಟೆವು. ಬಿಟ್ಟಿ ಅವರು ನಮ್ಮ ಮೇಲೆ ಹೇರಿದ್ದು. ತೊಗಲಿನ ವಿದ್ಯೆ ನಾವೇ ಸಂಪಾದಿಸಿದ್ದು. ಇವೆರಡನ್ನೂ ಒಂದೇ ಅಂತ ನಮಗೆ ನಂಬಿಸಿದ್ದೇ ಜಾತಿ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷ. ಆದರೆ ಒಬ್ಬರ ಎದೆಗೆ ಪದಕ ಬಿದ್ದರೆ ಕೇರಿಯ ವಿದ್ಯೆ ಉಳಿಯಲ್ಲ. ನಾವು ಕಲಿತರೆ ಉಳಿಯುತ್ತೆ.

ಇನ್ನೊಂದು ಮಾತು. ಕೊಂಡ ಮಾಲು ಕೆಟ್ಟಿದ್ದರೆ ಬದಲಿ ಕೇಳೋದು, ಹಣ ವಾಪಸ್ ಕೇಳೋದು ಭಿಕ್ಷೆ ಅಲ್ಲ, ಹಕ್ಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ವಕೀಲರು ಬೇಕೇ ಬೇಕು ಅಂತಿಲ್ಲ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಆದರೆ ಬಿಲ್ ಇದ್ದರೆ ದಾರಿ ಸಲೀಸು. ನಮ್ಮ ಹತ್ತಿರ ಬಿಲ್ ಇರಲಿಲ್ಲ. ಅಂಗಡಿಯಲ್ಲಿ ಬಿಲ್ ಕೇಳೋಕೂ ನಮಗೆ ಸಂಕೋಚ! ಚೌಕಾಸಿಗೂ ಸಂಕೋಚ, ಮಾಲನ್ನು ತಿರುಗಿಸಿ ನೋಡೋಕೂ ಸಂಕೋಚ. ಮುಟ್ಟಬೇಡ ಅನ್ನಿಸಿಕೊಂಡ ಕೈಗಳು ದುಡ್ಡು ಕೊಟ್ಟ ಮೇಲೂ ಹಿಂಜರೀತಾವೆ. ಈ ಹಿಂಜರಿಕೆ ಸಾಯಬೇಕು.

ನಮ್ಮ ತಂಡ ಮೂರು ತೀರ್ಮಾನ ಮಾಡಿದೆ. ಪ್ರತಿ ಭಾನುವಾರ ಅಜ್ಜನ ಹತ್ತಿರ ಮುಚ್ಚಿಗೆ ಕಟ್ಟೋದು ಕಲೀತೀವಿ. ಕಲಿತದ್ದನ್ನು ನೋಟ್ ಪುಸ್ತಕದಲ್ಲಿ ಬರೆದಿಡ್ತೀವಿ. ಬಿಲ್ ಇಲ್ಲದೆ ಒಂದು ಮೊಳೆಯನ್ನೂ ಕೊಳ್ಳಲ್ಲ. ಬಿಟ್ಟಿಗೆ ಬಡಿಯಲ್ಲ ಅನ್ನೋದು ಹಳೇ ತೀರ್ಮಾನ, ಅದರಲ್ಲಿ ಬದಲಾವಣೆ ಇಲ್ಲ.

ಬರುವ ಏಪ್ರಿಲ್ 14ಕ್ಕೆ ಬನ್ನಿ. ಸದ್ದು ನಿಂತರೆ ಆಗ ನಗಿ.

ಜೈ ಭೀಮ್.