ಗಡ್ಡೆಯ ಗುರುತು ಬಲ್ಲ ಕಣಗಳು



ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಡಾಕ್ಟರಲ್ಲ. ಆದರೂ ಇಂದು ಕ್ಯಾನ್ಸರ್ ಬಗ್ಗೆ ಎರಡು ಮಾತು ಹೇಳಬೇಕಿದೆ. ನಮ್ಮ ದೊಡ್ಡಪ್ಪನಿಗೆ ಪಿತ್ತನಾಳದ ಕ್ಯಾನ್ಸರ್ ಆದಾಗ, ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂದು ಯಾರೋ ಹೇಳಿದ ಪುಡಿಗಾಗಿ ಎರಡು ಹಸು ಮಾರಿದೆವು. ತಂದುಕೊಟ್ಟವನು ನಾನೇ. ಆಮೇಲೆ ಓದಲು ಕೂತೆ.

ರೋಗನಿರೋಧಕ ಶಕ್ತಿ ಟ್ಯಾಂಕಿಗೆ ನೀರು ತುಂಬಿಸಿದ ಹಾಗೆ ಏರಿಸುವಂಥದ್ದಲ್ಲ. ನಮ್ಮ ಬಿಳಿ ರಕ್ತಕಣಗಳಲ್ಲಿ ಟಿ ಕೋಶ ಎಂಬವಿವೆ. ಒಂದೊಂದು ಬಗೆಯ ಟಿ ಕೋಶಕ್ಕೆ ಒಂದೊಂದು ಗುರುತು ಗೊತ್ತು. ಕೋಟಿಗಟ್ಟಲೆ ಕೋಶಗಳಲ್ಲಿ ಗಡ್ಡೆಯ ಗುರುತು ಬಲ್ಲವು ಬಹಳ ಕಡಿಮೆ. ಅವನ್ನು ಹುಡುಕಿ, ಬೇರೆ ಮಾಡಿ, ಬೆಳೆಸಬೇಕು. ರಾಗಿ ಹೊಲದಲ್ಲಿ ಒಳ್ಳೆಯ ತೆನೆ ನೋಡಿ ಬೀಜಕ್ಕೆ ಎತ್ತಿಡುವುದಿಲ್ಲವೇ, ಹಾಗೆ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಡಾ. ಸ್ಟೀವನ್ ರೋಸೆನ್‌ಬರ್ಗ್ ಅವರ ತಂಡ 2014ರಲ್ಲಿ ಒಬ್ಬ ಹೆಂಗಸಿನ ಚಿಕಿತ್ಸೆಯ ವಿವರ ಪ್ರಕಟಿಸಿತು. 43 ವರ್ಷ, ಅದೇ ಪಿತ್ತನಾಳದ ಕ್ಯಾನ್ಸರ್, ಶ್ವಾಸಕೋಶಕ್ಕೂ ಹರಡಿತ್ತು. ಗಡ್ಡೆಯ ಡಿಎನ್‌ಎಯನ್ನು ಆಕೆಯ ಆರೋಗ್ಯವಂತ ಕೋಶದ ಡಿಎನ್‌ಎ ಜೊತೆ ಕಂಪ್ಯೂಟರಿನಲ್ಲಿ ಹೋಲಿಸಿದಾಗ 26 ವ್ಯತ್ಯಾಸ ಸಿಕ್ಕವು. (ಎರಡು ಫೈಲು ಹೋಲಿಸಿ ತಪ್ಪು ಹುಡುಕುವುದು ನನ್ನ ದಿನದ ಕೆಲಸ. ಅದರಿಂದ ಇಂಥದ್ದೂ ಆಗುತ್ತದೆಂದು ಗೊತ್ತಿರಲಿಲ್ಲ.) ಗಡ್ಡೆಯೊಳಗೆ ನುಗ್ಗಿದ್ದ ಆಕೆಯದೇ ಟಿ ಕೋಶಗಳಿಗೆ ಆ 26ನ್ನೂ ತೋರಿಸಿದರು. ಒಂದೇ ಒಂದಕ್ಕೆ ಕೆಲವು ಎಚ್ಚೆತ್ತವು. ಎಚ್ಚೆತ್ತ ಕೋಶದ ಮೈಮೇಲೆ ಕೆಲವು ಪ್ರೋಟೀನ್ ಮೂಡುತ್ತವೆ. ಅದಕ್ಕೆ ಹೊಳೆಯುವ ಬಣ್ಣ ಅಂಟಿಸಿದರೆ, ಲೇಸರ್ ಯಂತ್ರ ಒಂದೊಂದೇ ಕೋಶವನ್ನು ನೋಡಿ ವಿಂಗಡಿಸಬಲ್ಲದು.

ಮೊದಲ ಸಲ ಕೊಟ್ಟ ಕೋಶಗಳಲ್ಲಿ ಸುಮಾರು ಕಾಲುಭಾಗ ಮಾತ್ರ ಆ ಗುರುತು ಬಲ್ಲವು. ಗಡ್ಡೆ ಕುಗ್ಗಿತು, ವರ್ಷ ಕಳೆದ ಮೇಲೆ ಮತ್ತೆ ಬೆಳೆಯಿತು. ಎರಡನೆಯ ಸಲ ಆರಿಸಿ ಬೆಳೆಸಿದ್ದರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಅಂಥವೇ. ಗಡ್ಡೆ ಮತ್ತೆ ಕುಗ್ಗಿತು.

ಇದು ಎಲ್ಲರಿಗೂ ಫಲಿಸಿಲ್ಲ, ಅದನ್ನೂ ಹೇಳಬೇಕು. ಗಡ್ಡೆಯಿಂದ ತೆಗೆದ ಟಿ ಕೋಶಗಳ ಚಿಕಿತ್ಸೆಗೆ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ, ಅದೂ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೆ. ಅಲ್ಲಿ ಕೋಶಗಳನ್ನು ಹೀಗೆ ಆರಿಸುವುದೂ ಇಲ್ಲ, ಒಟ್ಟಿಗೇ ಬೆಳೆಸುತ್ತಾರೆ.

ದೊಡ್ಡಪ್ಪನಿಗೆ ಇದು ಯಾವುದೂ ಸಿಗುತ್ತಿರಲಿಲ್ಲ. ಹಸುಗಳಾದರೂ ಉಳಿಯುತ್ತಿದ್ದವು.

ನಿಮ್ಮ ಮನೆಯಲ್ಲೂ ಅಂಥ ಡಬ್ಬಿ ಇದ್ದರೆ ಊಟದ ಹೊತ್ತಿಗೆ ತನ್ನಿ, ಮೇಲೆ ಏನು ಬರೆದಿದೆ ಎಂದು ಓದಿ ಹೇಳುತ್ತೇನೆ.